ದೇವರಕೋಣೆಯಲ್ಲಿದ್ದ ಹಾರ್ನ್ ರಿಂಗ್

ಕಾಪುವಿನ ಶಾರದಕ್ಕ ದೇವರಕೋಣೆಯಿಂದ ಕೆಂಪು ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದಾಗ ನಾನು ಕುರ್ಚಿಯಿಂದ ಎದ್ದು ಬಗ್ಗಿ ನೋಡಿದೆ. ಹಳೆಯ ಅಂಬಾಸಿಡರ್ ಕಾರಿನ ಹಾರ್ನ್ ರಿಂಗ್! ಸ್ಟೀರಿಂಗಿನ ಮೇಲೆ ಕೂರುವ, ಒತ್ತಿದರೆ ಹಾರ್ನ್ ಆಗುವ ಆ ಬಳೆಗಾಗಿ ಉಡುಪಿ, ಕಾರ್ಕಳದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದೆ. ಸಿಕ್ಕಿದ್ದೆಲ್ಲ ಡೂಪ್ಲಿಕೇಟ್. ಅಪ್ಪನ ಕಾರನ್ನು ಮೊದಲಿನಂತೆ ಮಾಡಿಸಿಯೂ ಅದೊಂದು ಕೊರತೆ ಚುಚ್ಚುತ್ತಿತ್ತು. ಶಾರದಕ್ಕನ ತೀರಿಕೊಂಡ ಗಂಡ ಟ್ಯಾಕ್ಸಿ ಓಡಿಸುತ್ತಿದ್ದರು, ಅವರ ಮನೆಯಲ್ಲಿ ಇರಬಹುದು ಎಂದು ಪರ್ಕಳದ ಮೆಕ್ಯಾನಿಕ್ ಹೇಳಿದ್ದರಿಂದ ಇಲ್ಲಿಗೆ ಬಂದಿದ್ದೆ.

"ನಮ್ಮವರ ಟ್ಯಾಕ್ಸಿ ಗುಜರಿಗೆ ಹೋಗುವಾಗ ಇದೊಂದನ್ನು ಬಿಚ್ಚಿಸಿ ಇಟ್ಟುಕೊಂಡೆ. ಪ್ರತಿ ಆಯುಧಪೂಜೆಗೆ ತೆಂಗಿನೆಣ್ಣೆ ಹಚ್ಚಿ, ಒರೆಸಿ, ಹೂ ಇಡುವುದುಂಟು" ಎಂದರು ಶಾರದಕ್ಕ. ಕಡಲಿನ ಉಪ್ಪುಗಾಳಿಗೆ ಅವರ ಮನೆಯ ಕಿಟಕಿ ಸರಳುಗಳೆಲ್ಲ ತುಕ್ಕು ಹಿಡಿದಿದ್ದವು. ರಿಂಗ್ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು.

ಪೂಜೆ ಮಾಡುವ ವಸ್ತುವನ್ನು ಕೊಡಿ ಎಂದು ಕೇಳುವುದು ಹೇಗೆ? ಅವರೇ ಅಂಗಳಕ್ಕಿಳಿದು ನಾನು ಓಡಿಸಿಕೊಂಡು ಬಂದಿದ್ದ ಅಪ್ಪನ ಕಾರಿಗೆ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟು ನಿಂತರು. ಆಮೇಲೆ ರಿಂಗನ್ನು ನನ್ನ ಕೈಗಿತ್ತರು.

"ಕಾರಿಲ್ಲದೆ ಇದಕ್ಕೆ ಪೂಜೆ ಮಾಡಿದ್ದು ಸಾಕು ಮಾರಾಯ್ರೆ. ಎಣ್ಣೆ ಹಚ್ಚಲು ಮಾತ್ರ ಮರೆಯಬೇಡಿ, ಆಯ್ತಾ?"

ಈಗ ಎಣ್ಣೆ ಹಚ್ಚುವ ಕೆಲಸ ನನ್ನದು. ಹೂ ಇಡುವ ಕೆಲಸವನ್ನು ಮಾತ್ರ ನಾನು ತೆಗೆದುಕೊಂಡಿಲ್ಲ. ಆಯುಧಪೂಜೆಯ ಬೆಳಿಗ್ಗೆ ಅವರ ಮನೆಯ ತಿರುವಿನಲ್ಲಿ ಹಾರ್ನ್ ಒತ್ತುತ್ತೇನೆ. ಕಾರು ತಲುಪುವ ಮೊದಲೇ ಶಾರದಕ್ಕ ಹೂವಿನ ತಟ್ಟೆ ಹಿಡಿದು ಗೇಟಿಗೆ ಬಂದಿರುತ್ತಾರೆ.