ಉರಿದರೆ ಹೇಳಬೇಕು

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಲೆಕ್ಕದಲ್ಲಿ ಶಿರಾಲಿಯ ದುರ್ಗಮ್ಮನ ಮನೆಯಲ್ಲಿದ್ದಷ್ಟು ಬಂಗಾರ ಭಟ್ಕಳ ತಾಲೂಕಿನಲ್ಲೇ ಯಾರಲ್ಲೂ ಇರಲಿಲ್ಲ. ಗಂಡ ಹಮ್ಮ ತೆಂಗಿನಮರ ಹತ್ತುವವನು. 'ಆತು' ಅನ್ನುವುದೇ ಅವನ ದೊಡ್ಡ ಭಾಷಣ. ದುರ್ಗಮ್ಮನೂ ಕಡಿಮೆಯೇನಲ್ಲ. ಅವನು ಕೆಡವಿದ ಕಾಯಿಗಳನ್ನು ಬುಟ್ಟಿಯಲ್ಲಿ ಹೊತ್ತು ಹೈವೇಗೆ ತಲುಪಿಸುವ ಹೆಂಗಸು, ಕಾಲಿಗೆ ಮುಳ್ಳು ನೆಟ್ಟರೂ ಹಲ್ಲು ಕಚ್ಚಿಕೊಂಡು ನಡೆಯುತ್ತಿದ್ದಳು. ನೋವು ಹೇಳಿಕೊಳ್ಳುವುದು ಮೈಗಳ್ಳರ ಕೆಲಸವೆಂದು ತವರಿನಲ್ಲೇ ಕಲಿತು ಬಂದಿದ್ದಳು.

2002ರ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಬಲಭುಜ ಹಿಡಿದುಕೊಂಡಿತು. ಬುಟ್ಟಿ ಎತ್ತಲಾಗದೆ ನಿಂತವಳನ್ನು ಹಮ್ಮ ನೋಡಿದ. ಏನೂ ಕೇಳದೆ ಮೆಡಿಕಲ್ ಶಾಪಿಗೆ ಹೋಗಿ ಒಂದು ಟ್ಯೂಬ್ ಮುಲಾಮು ತಂದ. ಸಂಜೆ ಅವಳು ಮಿಂದು ಬಂದಾಗ ಮಣೆಯ ಮೇಲೆ ಕೂರಿಸಿ ತಾನೇ ಹಚ್ಚಿದ. ಅಬ್ಬಾ, ಆ ಕೈ! ಮರ ಹತ್ತಿ ಹತ್ತಿ ಜಡ್ಡುಗಟ್ಟಿದ ಕೈ ಅಷ್ಟು ಮೆಲ್ಲಗೆ ಓಡಾಡಬಲ್ಲದೆಂದು ಇಷ್ಟು ವರ್ಷ ಸಂಸಾರ ಮಾಡಿದರೂ ಅವಳಿಗೆ ಗೊತ್ತೇ ಇರಲಿಲ್ಲ. ನೋವು ಕಡಿಮೆಯಾಯಿತೋ ಬಿಟ್ಟಿತೋ, ದುರ್ಗಮ್ಮ ದಿನವಿಡೀ ಸಂಜೆಯ ದಾರಿ ಕಾಯತೊಡಗಿದಳು.

ಒಂದು ಸಂಜೆ ಹಮ್ಮನಿಗೆ ಪ್ರೀತಿ ಉಕ್ಕಿತು. ಮುಲಾಮನ್ನು ದಪ್ಪಗೆ ಬಳಿದು, ಅದರ ಮೇಲೆ ಹುರಿದ ಉಪ್ಪಿನ ಗಂಟಿಟ್ಟು, ಹಳೇ ಸೀರೆಯ ತುಂಡಿನಿಂದ ಬಿಗಿದು ಕಟ್ಟಿದ. ಬಿಸಿಯೆಷ್ಟೆಂದು ಅಂಗೈಯಲ್ಲಿ ಹಿಡಿದು ನೋಡಿಯೇ ಇಟ್ಟಿದ್ದ, ಪಾಪ. ಆದರೆ ಆ ಅಂಗೈಗೆ ಕೆಂಡವೂ ಉಗುರುಬೆಚ್ಚಗೆ! ಭುಜ ಧಗಧಗ ಉರಿಯಿತು. ದುರ್ಗಮ್ಮ ತುಟಿ ಬಿಚ್ಚಲಿಲ್ಲ. ಉರಿ ಅಂದರೆ ಅವನು ಎದ್ದು ಹೋದಾನು ಎಂಬ ಭಯ ಅವಳಿಗೆ. ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ಗುಳ್ಳೆ ಎದ್ದು ಚರ್ಮ ಸುಲಿದಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಗಾಯ ತೊಳೆದು, ಭುಜ ಮಡಚಿ ಬಿಡಿಸಿ ನೋಡಿ, ಹಮ್ಮನನ್ನು ಎದುರಿಗೆ ಕರೆದರು.

"ಈ ಮುಲಾಮಿನ ಮೇಲೆ ಶಾಖ ಕೊಡಬಾರದು, ಬಿಗಿದು ಕಟ್ಟಬಾರದು. ಗಾಯದ ಮೇಲಂತೂ ಬೇಡವೇ ಬೇಡ. ಚರ್ಮ ಪೂರ್ತಿ ಮಾಯ್ದ ಮೇಲೆ ಬೇಕಾದರೆ ತೆಳ್ಳಗೆ ಹಚ್ಚು, ಕೂಡಲೇ ಸೋಪು ಹಾಕಿ ಕೈ ತೊಳ್ಕೊ, ಕಣ್ಣು ಮುಟ್ಟಬೇಡ. ಒಂದು ವಾರಕ್ಕೂ ಕಡಿಮೆಯಾಗದಿದ್ರೆ ಕರ್ಕೊಂಡು ಬಾ." ಆಮೇಲೆ ದುರ್ಗಮ್ಮನತ್ತ ತಿರುಗಿದರು. "ನೀನು ಎಂತಕ್ಕೆ ಸುಮ್ಮನಿದ್ದೆ? ಉರಿದರೆ ಹೇಳಬೇಕು. ಹೇಳಿದ್ರೆ ತಾನೇ ತೊಳೆಯೋದು?"

ಗಾಯ ಮಾಯಿತು. ಹಮ್ಮ ಮಾತ್ರ ಹತ್ತಿರ ಸುಳಿಯಲಿಲ್ಲ. ಭುಜ ಮತ್ತೆ ನೋಯತೊಡಗಿದಾಗ ಪಕ್ಕದ ಮನೆಯ ವಸಂತಿಯನ್ನು ಕರೆದು ಟ್ಯೂಬು ಅವಳ ಕೈಗಿತ್ತು, ಅಂಗಳಕ್ಕೆ ಹೋಗಿ ನಿಂತ. ವಸಂತಿ ಒಳ್ಳೆಯವಳೇ, ಚೆನ್ನಾಗಿಯೇ ಹಚ್ಚಿದಳು. ದುರ್ಗಮ್ಮನಿಗೆ ಸುಟ್ಟ ದಿನಕ್ಕಿಂತ ಹೆಚ್ಚು ಸಂಕಟವಾದದ್ದು ಅವತ್ತು.

ಮರುದಿನ ಸಂಜೆ ಅವಳೇ ಮಣೆ ಹಾಕಿ ಕೂತಳು. "ವಸಂತಿ ಬ್ಯಾಡ. ನೀವೇ ಹಚ್ಚಿ."

"ನನ್ನ ಕೈಗೆ ಎಂತದೂ ತಿಳಿಯೂದಿಲ್ಲ."

"ನಂಗೆ ತಿಳೀತದಲ್ಲ. ನಾ ಹೇಳ್ತೆ."

ಹಮ್ಮ ಕಡಲೆಕಾಳಿನಷ್ಟು ತೆಗೆದು ಅಂಜುತ್ತ ಸವರಿದ. "ಉರೀತಾ?"

"ಇಲ್ಲ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ. ಈ ಸಲ ನಿಜಕ್ಕೂ ಚುರುಗುಟ್ಟುತ್ತಿತ್ತು. "ಹೌದು, ಉರೀತದೆ" ಅಂದಳು.

ಅವನು ಗಡಬಡಿಸಿ ಸೋಪು ನೀರು ತಂದು ಭುಜ ತೊಳೆದ, ಕೈ ತೊಳೆದುಕೊಂಡ. ಇನ್ನು ಎದ್ದು ಹೋಗುತ್ತಾನೆ ಅಂದುಕೊಂಡಳು. ಹಮ್ಮ ಅಲ್ಲೇ ನೆಲದ ಮೇಲೆ ಕೂತ.

"ಮತ್ತೆಲ್ಲಿ ನೋವು?" ಅಂದ.

ಯಾರೂ ಎಂದೂ ಕೇಳದ ಮಾತು ಅದು. ದುರ್ಗಮ್ಮ ಹಿಮ್ಮಡಿ ಅಂದಳು. ಸೊಂಟ ಅಂದಳು. ಆಮೇಲೆ, ಮದುವೆಯಾದ ಮರುವರ್ಷ ಹುಟ್ಟಿ, ಹೆಸರಿಡುವ ಮೊದಲೇ ಹೋಗಿಬಿಟ್ಟ ಮಗುವಿನ ಮಾತು ತೆಗೆದಳು. ಅಂದಿನಿಂದ ಆ ಮನೆಯಲ್ಲಿ ಒಬ್ಬರೂ ಎತ್ತದ ಮಾತು.

ಹಮ್ಮ ತಲೆ ಎತ್ತಲಿಲ್ಲ.

"ನಂಗೂ ಅಲ್ಲೇ" ಅಂದ.