ಒಡೀಲ್ ತಿದ್ದಲು ಒಪ್ಪದ ಕೊನೆಯ ಅಧ್ಯಾಯ

ನಮ್ಮೂರಲ್ಲಿ ತಯಾರಾದ ಕಾಗದದ ಮೇಲೆ ನ್ಯೂಯಾರ್ಕಿನವರು ಲಕ್ಷಗಟ್ಟಲೆ ಪುಸ್ತಕ ಅಚ್ಚು ಹಾಕಿದರು. ಒಂದರಲ್ಲೂ ನಮ್ಮೂರಿನ ಸುದ್ದಿ ಇರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ. ಮೇನ್ ರಾಜ್ಯದ ನಮ್ಮೂರ ಕಾಗದದ ಗಿರಣಿಯಲ್ಲಿ ಹಾಳೆ ಕತ್ತರಿಸುತ್ತಲೇ ಕಾದಂಬರಿ ಬರೆದವಳು ನನ್ನ ಪಕ್ಕದ ಮನೆಯ ಒಡೀಲ್ ಪೆಲ್ಟಿಯರ್. ಗಿರಣಿ ಮುಚ್ಚಿತು, ಅವಳ ಬರವಣಿಗೆ ನಿಲ್ಲಲಿಲ್ಲ. ಬರೆದದ್ದನ್ನು ಹರಿಯುವುದು, ಮತ್ತೆ ಬರೆಯುವುದು. ಹೀಗೇ ಅವಳ ಕೂದಲು ಬೆಳ್ಳಗಾಯಿತು.

ಕಾದಂಬರಿಯಲ್ಲಿರುವುದು ಅವಳ ತಮ್ಮ ರೊಸೇರನ ಕತೆ. ಗಿರಣಿಯಲ್ಲಿ ಕಾಗದದ ತಿರುಳು ಕಲಸುವ ತೊಟ್ಟಿ ತೊಳೆಯಲು ಇಳಿದವನು ವಿಷಗಾಳಿಗೆ ಸತ್ತ. ಯಾರೂ ಹೇಳದೆ ತಾನಾಗಿಯೇ ಇಳಿದ, ತಪ್ಪು ಅವನದೇ ಎಂದು ಕಂಪನಿ ಕೈತೊಳೆದುಕೊಂಡಿತು. ನಾಲ್ಕು ಸಲ ಕೂಗದಿದ್ದರೆ ಊಟಕ್ಕೂ ಏಳದ ಸೋಮಾರಿ ಆ ಹುಡುಗ! ಅವನಾಗಿಯೇ ಕೆಲಸ ಹುಡುಕಿಕೊಂಡು ತೊಟ್ಟಿಗೆ ಇಳಿದನಂತೆ. ಇಳಿ ಎಂದವರು ಯಾರು ಎಂದು ಕೇಳಿ ಕೊನೆಯ ಅಧ್ಯಾಯ ನಿಲ್ಲುತ್ತದೆ. ಉತ್ತರ ಅವಳಿಗೆ ಗೊತ್ತಿರಲಿಲ್ಲ, ಹಾಗಾಗಿ ಬರೆಯಲಿಲ್ಲ.

ದೊಡ್ಡ ಪ್ರಕಾಶನವೊಂದರ ಸಂಪಾದಕಿಗೆ ಅದು ಹಿಡಿಸಿತು. ಆಕೆ ಫೋನ್ ಮಾಡಿದಾಗ ನಾನೂ ಒಡೀಲಳ ಅಡುಗೆಮನೆಯಲ್ಲೇ ಕೂತಿದ್ದೆ, ಮಾತು ನನಗೂ ಕೇಳಿಸುತ್ತಿತ್ತು.

“ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಕೊನೇಲಿ ಒಬ್ಬ ಮೇಸ್ತ್ರಿ ಬಂದು ತಪ್ಪು ಒಪ್ಕೊಳ್ಲಿ. ಅಕ್ಕ ಅವನನ್ನ ಕ್ಷಮಿಸ್ಬಿಡ್ಲಿ. ಓದೋರಿಗೂ ಒಂದಿಷ್ಟು ಸಮಾಧಾನ ಬೇಕಲ್ವಾ?”

“ನನಗೇ ಸಿಗದ ಸಮಾಧಾನ ಅವರಿಗೆ ಎಲ್ಲಿಂದ ತಂದ್ಕೊಡ್ಲಿ ತಾಯಿ?” ಎಂದು ಒಡೀಲ್ ಫೋನ್ ಇಟ್ಟಳು.

“ಒಂದೆರಡು ಪುಟ ತಾನೆ? ಬರೆದು ಬಿಸಾಕಬಾರ್ದೇನೆ?” ಎಂದೆ.

“ಸುಳ್ಳು ಮೇಸ್ತ್ರಿನ ತಂದು ನಿಲ್ಸಿದ್ರೆ ನಿಜವಾದೋನು ಹಾಯಾಗಿ ನಿದ್ದೆ ಮಾಡ್ತಾನೆ ಕಣೆ, ಥೆರೆಸ್.”

ಪಕ್ಕದ ಊರಿನ ಸಣ್ಣ ಮುದ್ರಣಾಲಯದಲ್ಲಿ ತಾನೇ ಅಚ್ಚು ಹಾಕಿಸಿದಳು. ಕಾಗದವನ್ನು ಬೆರಳಲ್ಲಿ ಉಜ್ಜಿ ನೋಡಿ, ಇದು ಬೇಡ ಅದು ಬೇಡ ಎಂದು ಮುದ್ರಕನ ಪ್ರಾಣ ಹಿಂಡಿದಳು. ತನ್ನ ಪ್ರಕಾಶನಕ್ಕೆ ಇಟ್ಟ ಹೆಸರು ‘ಅಡುಗೆಮನೆ ಬಾಗಿಲು’. ನಮ್ಮಲ್ಲಿ ಮುಂಬಾಗಿಲು ತಟ್ಟುವವರು ಪೊಲೀಸರು, ಇಲ್ಲವೆ ಏನಾದರೂ ಮಾರಲು ಬಂದವರು. ಬೇಕಾದವರೆಲ್ಲ ಅಡುಗೆಮನೆಯಿಂದಲೇ ಒಳಗೆ ಬರುವುದು.

ನಾನು ಊರ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೇನೆ. ಸಮಿತಿಯ ಅಧ್ಯಕ್ಷ ವಿನ್‌ಫೀಲ್ಡ್ ಹ್ಯಾಸ್ಕೆಲ್ ಆ ಪುಸ್ತಕವನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿದ.

“ಸ್ವಂತಕ್ಕೆ ಅಚ್ಚು ಹಾಕಿಸ್ಕೊಂಡಿದ್ದು. ಕಾದಂಬರಿಗಳ ಜೊತೆ ಬೇಡ, ಊರಿನ ಲೇಖಕರ ಕಪಾಟಿಗೆ ಹಾಕಿ.”

ಆ ಕಪಾಟಿರುವುದು ಶೌಚಾಲಯದ ಪಕ್ಕ.

“ಓದಿದ್ರಾ?” ಎಂದು ಕೇಳಿದೆ.

“ಓದೋದೇನು ಬಂತು? ಚೆನ್ನಾಗಿದ್ದಿದ್ರೆ ನ್ಯೂಯಾರ್ಕಿನವರು ಬಿಡ್ತಿದ್ರಾ?”

ಹಿತ್ತಲ ಗಿಡ ಮದ್ದಲ್ಲ, ಸರಿ. ಆದರೆ ಇವರು ಎಲೆ ಮುಟ್ಟಿಯೂ ನೋಡುವುದಿಲ್ಲ. ಆ ದಿನ ನನಗೆ ಬಂದ ಸಿಟ್ಟಿಗೆ ಕೆಲಸ ಬಿಟ್ಟು ಬರುವವಳಿದ್ದೆ. ಒಡೀಲ್ ತಡೆದಳು. “ಕಪಾಟು ಅವರದು, ಬಾಯಿ ನನ್ನದು. ಶನಿವಾರ ಊಟಕ್ಕೆ ಬಾ,” ಎಂದಳು.

ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಊರವರಿಗೆಲ್ಲ ಬೀನ್ಸ್‌ಕಾಳಿನ ಊಟ. ಉದ್ದನೆಯ ಮೇಜಿಗೆ ಗಿರಣಿಯವರು, ಕಚೇರಿಯವರು ಎಲ್ಲರೂ ಮೊಣಕೈ ತಾಗಿಸಿಕೊಂಡು ಕೂರಬೇಕು. ಬೇಕಾದವರ ಪಕ್ಕ ಜಾಗ ಹಿಡಿಯುವಂತಿಲ್ಲ. ಬ್ರೆಡ್ ಇನ್ನೂ ಕೈಯಿಂದ ಕೈಗೆ ಹೋಗುತ್ತಿತ್ತು, ಒಡೀಲ್ ಎದ್ದು ನಿಂತು ಕೊನೆಯ ಅಧ್ಯಾಯ ಓದಲು ಶುರುಮಾಡಿದಳು. ಮೊದಮೊದಲು ಚಮಚದ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಇಳಿ ಎಂದವರು ಯಾರು ಎಂದು ಓದಿ, ಪುಸ್ತಕ ಮಡಚಿ, ಕೂತಳು.

ಅವಳೆದುರಿಗೇ ಕೂತಿದ್ದ ಮುದುಕ ಆಲ್ಫೆ ಮಿಶೋ ತಟ್ಟೆ ದೂಡಿದ. ಗಿರಣಿಯಲ್ಲಿ ಪಾಳಿಯ ಮೇಸ್ತ್ರಿಯಾಗಿದ್ದವನು. ರೊಸೇರ್ ಸತ್ತ ದಿನ ತಾನು ಕೆಲಸಕ್ಕೇ ಬಂದಿರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವನು.

“ನಾನೇ ಕಣಮ್ಮ ಇಳಿ ಅಂದಿದ್ದು,” ಎಂದ. “ಗಾಳಿ ಪರೀಕ್ಷೆ ಮಾಡ್ಲಾ ಅಂತ ಕೇಳ್ದ. ಹೊತ್ತಿಲ್ಲ, ಇಳಿಯೋ ಅಂದೆ. ಆಮೇಲೆ ಸುಳ್ಳು ಹೇಳೋದು ಅಭ್ಯಾಸ ಆಗೋಯ್ತು. ಕ್ಷಮಿಸ್ಬಿಡ್ತೀಯಾ?”

ಅವನನ್ನು ಯಾವಾಗಲೂ ನೀವು ಎನ್ನುತ್ತಿದ್ದವಳು ಒಡೀಲ್.

“ಇಲ್ಲ. ಕ್ಷಮಿಸಲ್ಲ. ನಮ್ಮಮ್ಮ ಮಗನದೇ ತಪ್ಪು ಅಂದ್ಕೊಂಡೇ ಸತ್ಲು. ಎರಡನೇ ಮುದ್ರಣದಲ್ಲಿ ನಿನ್ನ ಹೆಸರು ಹಾಕ್ತೀನಿ. ಪ್ರಕಾಶಕಿ ನಾನೇ, ಯಾರನ್ನೂ ಕೇಳ್ಬೇಕಾಗಿಲ್ಲ.”

“ಪಾಪ, ವಯಸ್ಸಾದೋರು ಬಾಯ್ಬಿಟ್ಟು ಕೇಳ್ತಿದಾರೆ,” ಎಂದು ಹ್ಯಾಸ್ಕೆಲ್ ಮೂಗು ತೂರಿಸಿದ. “ಇಲ್ಲಿಗೇ ಮುಗಿಸ್ಬಿಡಿ, ಒಡೀಲ್. ಪುಸ್ತಕದಲ್ಲೆಲ್ಲ ಯಾಕೆ?”

ನಾನು ಬಾಯಿ ತೆರೆಯುವಷ್ಟರಲ್ಲಿ ಮಿಶೋನೇ ಅವನತ್ತ ತಿರುಗಿದ.

“ಸುಮ್ನಿರಪ್ಪ ನೀನು. ಹಾಕಮ್ಮ, ಬೇಗ ಹಾಕು. ನಾನು ಸತ್ಮೇಲೆ ಹಾಕಿದ್ರೆ ನನ್ನ ಮಕ್ಳೇ ಅದನ್ನ ಸುಳ್ಳು ಅಂತಾರೆ.”