ಕಾಕಾ ಕಂಡ ಪೂರಾ ಬಿಲ್ಲು

ಕಾಕಾನ ಉಗುರುಗಳು ಭಾನುವಾರವೂ ನೀಲಿಯಾಗಿಯೇ ಇರುತ್ತಿದ್ದವು. ಪರೇಲಿನ ಮಿಲ್ಲೊಂದರಲ್ಲಿ ಬಟ್ಟೆಗೆ ಬಣ್ಣ ಹಾಕುವ ಕೆಲಸ ಅವರದು. ಬಿಜಾಪುರದ ಕಡೆಯವರು, ಒಂದೊಂದೇ ಕೋಣೆಯ ಮನೆಗಳ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿ, ಒಂಟಿ ಜೀವ. ರಕ್ತಸಂಬಂಧವೇನೂ ಇರಲಿಲ್ಲ. ಆದರೆ ನನಗೆ ಓದಿನ ಹುಚ್ಚು ಹಿಡಿಸಿದ ಪುಣ್ಯಾತ್ಮರು ಅವರೇ.

ರಜೆಯ ದಿನ ಇಳಿಬಿಸಿಲಿಗೆ ಬೆನ್ನು ಕೊಟ್ಟು ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ನಿಂತು, ಬಾಯಿ ತುಂಬ ನೀರು ತುಂಬಿಕೊಂಡು ಫುರ್ರೆಂದು ಊದುತ್ತಿದ್ದರು. ಗಾಳಿಯಲ್ಲಿ ಪುಟ್ಟ ಕಾಮನಬಿಲ್ಲು! ಕೆಳಗೆ ಒಣಹಾಕಿದ ಸೀರೆ ತೊಯ್ದು ಕೆಳಮನೆಯ ಮರಾಠಿ ಹೆಂಗಸು ಎಷ್ಟು ಬೈದರೂ ಇವರು ಬಿಡುವ ಆಸಾಮಿಯಲ್ಲ.

“ಬೆಳಕು ಹನಿಯೊಳಗ ಹೊಕ್ಕು, ಹಿಂದಿನ ಗ್ವಾಡಿಗೆ ಬಡದು, ಬಣ್ಣ ಬಣ್ಣ ಆಗಿ ತಿರುಗಿ ಬರತೈತಿ ತಂಗಿ. ಅದಕ್ಕ ಸೂರ್ಯಾ ಯಾವಾಗಲೂ ಬೆನ್ನ ಹಿಂದ ಇರಬೇಕು. ಕೈ ಚಾಚು, ನಿನ್ನ ತಲಿ ನೆರಳಿನಿಂದ ಎರಡು ಗೇಣು ಅಳತಿ ಮಾಡು. ಎಲ್ಲಾ ಕಡಿಗೂ ಅಷ್ಟ ದೂರ, ಅದಕ್ಕ ಗುಂಡಗ.”

“ಮತ್ತ ಅರ್ಧಾನ ಯಾಕ ಕಾಣತೈತಿ?”

“ಉಳಿದದ್ದು ನೆಲ ನುಂಗತೈತಿ. ಪೂರಾ ಚಕ್ರಾ ನೋಡೂದು ನಮ್ಮ ಹಣ್ಯಾಗ ಬರದಿಲ್ಲ.”

ನಿಮಗೆ ಕಂಡ ಬಿಲ್ಲೇ ನನಗೂ ಕಂಡಿತು ಎಂದರೆ ನಗುತ್ತಿದ್ದರು. “ನಿನ್ನ ಬಿಲ್ಲು ನಿನಗ, ನನ್ನ ಬಿಲ್ಲು ನನಗ. ಕಣ್ಣು ಬ್ಯಾರೆ, ಹನಿ ಬ್ಯಾರೆ.”

ನನಗೆ ಆಗ ಹನ್ನೆರಡು ವರ್ಷ. ಕಾಕಾ ಒಂದು ವಾರದಿಂದ ತಲೆ ಸಿಡಿಯುತ್ತದೆ ಎನ್ನುತ್ತಿದ್ದರು. ಮಿಲ್ಲಿನ ಹಬೆಯ ಕಾಟ ಎಂದುಕೊಂಡಿದ್ದೆವು. ಒಂದು ಸಂಜೆ ಚಾಳಿನ ದೀಪ ಹತ್ತಿದ್ದೇ ತಡ, ಕೂಗಿದರು: “ತಂಗೀ, ಓಡಿ ಬಾ! ಬಲ್ಬಿನ ಸುತ್ತ ನೋಡು, ಪೂರಾ ಚಕ್ರಾ! ಕೆಂಪು ಹೊರಗ, ನೀಲಿ ಒಳಗ!”

ನೋಡಿದೆ. ಬರೀ ಬಲ್ಬು. ಬೆಳಕು ಬೆನ್ನ ಹಿಂದಿಲ್ಲ, ಕಣ್ಣೆದುರೇ ಇದೆ; ಮಳೆಯೂ ಇಲ್ಲ. ಅವರೇ ಕಲಿಸಿದ ಪಾಠ ನಾಲಿಗೆಯ ತುದಿಗೆ ಬಂದಿತ್ತು.

“ನಿನಗೂ ಕಾಣತೈತಿ ಹೌದಿಲ್ಲ? ಇಲ್ಲಂದ್ರ ಹೇಳು, ನನ್ನ ಕಣ್ಣಿಗೇ ಏನರ ಆಗೇತಿ ಅಂತ ನಾಳೆ ದವಾಖಾನಿಗೆ ಹೋಗತೀನಿ.”

ಅವರ ಮುಖದಲ್ಲಿ ಕೂಸಿನ ಸಂಭ್ರಮ. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

“ಕಾಣತೈತಿ ಕಾಕಾ,” ಎಂದೆ. ಹಾಳು ನಾಲಿಗೆ!

ಅವರು ದವಾಖಾನೆಗೆ ಹೋಗಲಿಲ್ಲ. ದಿನವೂ ದೀಪ ಹತ್ತುವ ಹೊತ್ತಿಗೆ ಹೊರಗೆ ಕೂತು ತಮ್ಮ ಚಕ್ರ ನೋಡಿ ಹಿಗ್ಗಿದರು. ಆ ಮಳೆಗಾಲ ಮುಗಿಯುವುದರೊಳಗೆ ಎರಡೂ ಕಣ್ಣು ಹೋದವು. ಡಾಕ್ಟರು ಹೇಳಿದ್ದನ್ನು ಅಪ್ಪ ಮನೆಯಲ್ಲಿ ಹೇಳಿದರು: ಕಣ್ಣಿನೊಳಗೆ ಒತ್ತಡ ಏರಿದರೆ ದೀಪದ ಸುತ್ತ ಬಣ್ಣದ ಚಕ್ರ ಕಾಣುತ್ತದಂತೆ. ಆಗಲೇ ಬಂದಿದ್ದರೆ ಕಣ್ಣು ಉಳಿಸಬಹುದಿತ್ತಂತೆ. ನಾನು ಅಂದು ಊಟ ಮಾಡಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ.

ಮಿಲ್ಲಿನ ಕೆಲಸ ಹೋಯಿತು. ಉಗುರಿನ ನೀಲಿ ತುದಿಗೆ ಸರಿಯುತ್ತ ಬಂತು. ಅದನ್ನು ಕತ್ತರಿಸುತ್ತಿದ್ದವಳು ನಾನೇ. ಕೊನೆಯ ನೀಲಿ ಕತ್ತರಿಸಿದ ದಿನ ಕಾಕಾ ಕೇಳಿದರು: “ಆ ದಿನಾ ನಿನಗ ಖರೇನ ಕಂಡಿತ್ತೇನು?”

“ಇಲ್ಲ ಕಾಕಾ,” ಎಂದೆ.

ಅವರು ತಡವರಿಸಿ ನನ್ನ ತಲೆ ಹುಡುಕಿ ಕೈಯಿಟ್ಟರು. “ನಿನ್ನ ಬಿಲ್ಲು ನಿನಗ, ನನ್ನ ಬಿಲ್ಲು ನನಗ ಅಂತ ಕಲಿಸಿದಾಂವ ನಾನ. ನಿನ್ನ ಕೇಳಬಾರದಿತ್ತು.”

ಆ ಚಳಿಗಾಲದಲ್ಲೇ ತೀರಿಕೊಂಡರು. ಒಂದು ಮಾತು ಬೈದು ಹೋಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.